ಟಾಪ್‌ಅಪ್ ನಿಲ್ಲಿಸಿದ್ದು ಯಾಕೆ, ಐದನೇ ಸೀಟಿನ ಬುಕಿಂಗ್ ತೆಗೆದದ್ದು ಯಾಕೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ, ನಮ್ಮ ಮೇಲೆ ಭರವಸೆ ಇಟ್ಟು ಮಕ್ಕಳನ್ನು ಕಳಿಸುವ ತಂದೆ ತಾಯಂದಿರೇ,

ಈ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗೇಮಿಂಗ್ ಸೆಂಟರಿನ ಕೌಂಟರ್‌ನಲ್ಲಿ ಗೇಮ್ ಟಾಪ್‌ಅಪ್ ಸಿಗುವುದಿಲ್ಲ. ಟಾಪ್‌ಅಪ್ ಅಂದರೆ ದುಡ್ಡು ಕೊಟ್ಟು ಆಟದೊಳಗಿನ ಸಾಮಾನು ಕೊಳ್ಳುವುದು: ಏನು ಬರುತ್ತದೋ ಗೊತ್ತಿಲ್ಲದ ಪೆಟ್ಟಿಗೆ (ಕ್ರೇಟ್), ಅದನ್ನು ತೆರೆಯುವ ಕೀ, ಆಟದೊಳಗಿನ ದುಡ್ಡಾದ ಯುಸಿ, ಡೈಮಂಡ್. ಇವು ಯಾವುದೂ ಇಲ್ಲ. ಐದನೇ ಸೀಟನ್ನು ಫೋನ್ ಮಾಡಿ ಹಿಡಿದಿಡುವುದೂ ಮುಗಿಯಿತು, ಇನ್ನು ಎಲ್ಲರಿಗೂ ಟೋಕನ್. ಗಂಟೆಗೆ ಹತ್ತು ರೂಪಾಯಿ ಜಾಸ್ತಿಯೂ ಆಗಿದೆ. ಮೂರೂ ಒಟ್ಟಿಗೆ ಬಂದು ನಿಮಗೆ ಬೇಜಾರಾಗಿದೆ, ಅದಕ್ಕೆ ಕ್ಷಮೆ ಇರಲಿ. ಆದರೆ ಸ್ಟೇಷನ್ ರೋಡಿನ ಚಹಾದಂಗಡಿಯ ತನಕ ಹಬ್ಬಿರುವ, ಪೆಟ್ಟಿಗೆಯಲ್ಲಿ ಏನು ಬರಬೇಕೆಂದು ನಾವೇ ಸೆಟ್ಟಿಂಗ್ ಮಾಡಿದ್ದೇವೆ ಎಂಬ ಮಾತಿಗೆ ನಾವು ಸುಮ್ನೆ ಇರಲು ಆಗುವುದಿಲ್ಲ.

ಮೊದಲು ಆ ಹತ್ತು ರೂಪಾಯಿ. ವಿಜಯಪುರದ ಏಪ್ರಿಲ್ ಬಿಸಿಲನ್ನು ನಿಮಗೆ ವಿವರಿಸಬೇಕಿಲ್ಲ. ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಸಾಲಾಗಿ ಓಡುವ ಕಂಪ್ಯೂಟರ್‌ಗಳ ಹಿಂದಿನಿಂದ ಬಿಸಿ ಗಾಳಿ ಬರುತ್ತಲೇ ಇರುತ್ತದೆ. ಎಸಿ ನಿಲ್ಲಿಸುವಂತಿಲ್ಲ. ಕರೆಂಟ್ ಹೋದರೂ ಮ್ಯಾಚ್ ನಡುವೆ ಯಾರೂ ಹೊರಬೀಳಬಾರದು ಅಂತ ಯುಪಿಎಸ್ ಬ್ಯಾಟರಿಗಳನ್ನು ಪೂರ್ತಿ ಹೊಸದಾಗಿ ಹಾಕಿಸಿದೆವು. ಒಂದು ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಆ ಸೀಟಿನ ತಿಂಗಳುಗಟ್ಟಲೆ ಗಳಿಕೆ ಅದರಲ್ಲೇ ಹೋಗುತ್ತದೆ. ಧೂಳು ಕಟ್ಟಿದ ಫ್ಯಾನುಗಳನ್ನು ಬ್ಲೋವರ್ ಹಿಡಿದು ತೆಗೆಯುವವರೂ ನಾವೇ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲೂ ನಮ್ಮಲ್ಲಿ ಪಿಂಗ್ (ನೆಟ್ ಉತ್ತರಿಸಲು ತಗೊಳ್ಳುವ ಸಮಯ) ಏರಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

‘ಟಾಪ್‌ಅಪ್‌ನಲ್ಲಿ ಚೆನ್ನಾಗಿ ದುಡಿದುಕೊಂಡರು’ ಎನ್ನುವವರಿಗೂ ಒಂದು ಮಾತು. ನಮಗೆ ಉಳಿಯುತ್ತಿದ್ದದ್ದು ಚಿಲ್ಲರೆ ಕಮಿಷನ್. ಪೇಮೆಂಟ್ ಅರ್ಧಕ್ಕೆ ಸಿಕ್ಕಿಕೊಂಡರೆ ಹುಡುಗರಿಗೆ ನಮ್ಮ ಕೈಯಿಂದ ಕೊಟ್ಟು, ನಾವು ವಾರಗಟ್ಟಲೆ ಕಾಯುತ್ತಿದ್ದೆವು. ಪೆಟ್ಟಿಗೆಯಲ್ಲಿ ಒಳ್ಳೆಯದೇನೂ ಬರದಿದ್ದರೆ ಬೈಗುಳವೂ ನಮಗೇ. ಆ ದುಡ್ಡು ಹೋದದ್ದು ಗೇಮ್ ಕಂಪನಿಗೆ.

ಈಗ ದಿನವೂ ಕೇಳುವ ಆ ಒಂದು ದೂರು. ‘ಹೊಸ ಇಂಟರ್ನೆಟ್ ಲೈನ್ ಹಾಕಿದ ಮೇಲೆ ಇಲ್ಲಿ ಡ್ರಾಪ್ (ಆಟದಲ್ಲಿ ಸಿಗುವ ಸಾಮಾನು) ಬರುತ್ತಿಲ್ಲ. ಬಂದರೆ ಐದನೇ ಸೀಟಿನಲ್ಲಿ ಮಾತ್ರ. ಅಣ್ಣಾರು ಏನೋ ಸೆಟ್ಟಿಂಗ್ ಮಾಡಿದ್ದಾರೆ.’

ನೀವು ಕೀ ಹಾಕಿ ಪೆಟ್ಟಿಗೆ ತೆರೆದಾಗ ಕೌಂಟರ್-ಸ್ಟ್ರೈಕ್‌ನಲ್ಲಿ ಒಂದು ಪಟ್ಟಿ ಗರಗರ ಓಡುತ್ತದಲ್ವಾ? ನಿಧಾನವಾಗುತ್ತಾ ಬರುತ್ತದೆ, ಅಪರೂಪದ ಸಾಮಾನಿನ ಬಂಗಾರದ ಬಣ್ಣದ ಚೌಕ ಗೆರೆಯ ಹತ್ತಿರ ಬರುತ್ತದೆ, ಕೂದಲೆಳೆಯಷ್ಟು ದಾಟಿ ಸಾಧಾರಣ ಸಾಮಾನಿನ ನೀಲಿಯ ಮೇಲೆ ನಿಲ್ಲುತ್ತದೆ. ಇಡೀ ಹಾಲ್ ‘ಅಯ್ಯೋ, ಸ್ವಲ್ಪದರಲ್ಲಿ ಹೋಯ್ತು’ ಅನ್ನುತ್ತದೆ. ಸ್ವಲ್ಪದರಲ್ಲಿ ಹೋಗಿರುವುದಿಲ್ಲ. ಆ ಪಟ್ಟಿ ಬರೀ ತೋರಿಕೆ. ಏನು ಸಿಗಬೇಕೆಂದು ಕಂಪನಿಯ ಸರ್ವರ್‌ನಲ್ಲಿ ಆಗಲೇ ತೀರ್ಮಾನವಾಗಿ, ಉತ್ತರ ಮಾತ್ರ ನಮ್ಮ ಪರದೆಗೆ ಬಂದಿರುತ್ತದೆ. ನಮ್ಮ ಲೈನ್, ಮೌಸ್, ಸೀಟು ಯಾವುದಕ್ಕೂ ಅದರಲ್ಲಿ ಕೈಯಿಲ್ಲ.

ಆ ಗೇಮಿನ ಲೆಕ್ಕ 2017ರಲ್ಲಿ ಚೀನಾದಲ್ಲಿ ಹೊರಬಂತು, ಯಾಕೆಂದರೆ ಅಲ್ಲಿನ ಸರ್ಕಾರ ಆ ವರ್ಷದಿಂದ ಡ್ರಾಪ್ ಪ್ರಮಾಣ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ನೀಲಿ ಬಣ್ಣದ ಸಾಮಾನು ಶೇ. 79.92. ಚಾಕು, ಗ್ಲೌಸ್‌ನಂಥವು ಶೇ. 0.26. ಅಂದರೆ ಸರಾಸರಿ 385 ಪೆಟ್ಟಿಗೆಗೆ ಒಂದು. ಐದನೇ ಸೀಟಿನಲ್ಲಿ ಒಬ್ಬ ತಮ್ಮನಿಗೆ ಚಾಕು ಬಂದದ್ದು ನಿಜ, ಆ ದಿನ ನಾವೂ ಚಪ್ಪಾಳೆ ತಟ್ಟಿದೆವು. ಅಂದಿನಿಂದ ಎಲ್ಲರೂ ಅಲ್ಲೇ ಪೆಟ್ಟಿಗೆ ತೆರೆಯಲು ಶುರು ಮಾಡಿದಿರಿ. ಜಾಸ್ತಿ ತೆರೆದ ಕಡೆ ಜಾಸ್ತಿ ಸಿಗುತ್ತದೆ. ಅಲ್ಲಿ ಖಾಲಿ ಹೋದ ಪೆಟ್ಟಿಗೆಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

‘ಶೇ. 1 ಅಂದಮೇಲೆ ನೂರು ಸಲ ಆಡಿದರೆ ಒಮ್ಮೆಯಾದರೂ ಬರಬೇಕು’ ಎಂದು ಇಂಡಿ ತಾಲ್ಲೂಕಿನಿಂದ ಬರುವ ಹುಡುಗರು ವಾದಿಸುತ್ತಾರೆ. ಲೆಕ್ಕ ಹಾಗಿಲ್ಲ. ಪ್ರತಿ ಸಲವೂ ಹೊಸ ಸಲವೇ. ನೂರು ಜನ ನೂರು ನೂರು ಸಲ ಆಡಿದರೆ ಅವರಲ್ಲಿ ಸುಮಾರು 37 ಜನರಿಗೆ ಒಂದೂ ಬಂದಿರುವುದಿಲ್ಲ. ಆ 37ರಲ್ಲಿ ನೀವಿದ್ದರೆ ಮೋಸವಾಯಿತು ಅನ್ನಿಸುವುದು ಸಹಜ.

ಹಾಗಾದರೆ ಡ್ರಾಪ್ ನಿಜಕ್ಕೂ ರ‍್ಯಾಂಡಮ್ಮೇ? ಸಂಖ್ಯೆ ಹುಟ್ಟುವ ರೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಕಂಪ್ಯೂಟರ್ ಒಂದು ಆರಂಭದ ಸಂಖ್ಯೆ ಹಿಡಿದು ಸೂತ್ರದಿಂದ ಮುಂದಿನದನ್ನು ಲೆಕ್ಕ ಹಾಕುತ್ತದೆ. ಜಪಾನಿನ ಮತ್ಸುಮೊಟೊ ಮತ್ತು ನಿಶಿಮುರಾ 1997ರಲ್ಲಿ ಮಾಡಿದ ಮರ್ಸೆನ್ ಟ್ವಿಸ್ಟರ್ ಎಂಬ ಸೂತ್ರವಿದೆ. ಅದರ ಸರಣಿ ಮತ್ತೆ ಮೊದಲಿಗೆ ಬರಲು ಬೇಕಾದ ಹೆಜ್ಜೆಗಳ ಸಂಖ್ಯೆಯನ್ನು ಬರೆದರೆ 6,002 ಅಂಕಿ ಆಗುತ್ತದೆ. ಇಂಥದ್ದನ್ನು ರಾತ್ರಿ 12ಕ್ಕೆ ಲಾಗಿನ್ ಆಗಿ, ಲಾಬಿ ಬದಲಿಸಿ ಮಣಿಸಲು ಆಗುವುದಿಲ್ಲ.

ಆದರೆ ಆ ಸಂಖ್ಯೆಗೆ ಏನು ಕೊಡಬೇಕು ಎಂಬ ಪಟ್ಟಿ ಕಂಪನಿಯ ಕೈಯಲ್ಲಿದೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ಸ್ಟಾರ್ (ಅತಿ ಅಪರೂಪದ) ಪಾತ್ರ ಬರುವುದು ಶೇ. 0.6, ಆದರೆ 90ನೇ ಸಲಕ್ಕೆ ಖಾತ್ರಿ. ಅಲ್ಲಿ ಗೇಮ್ ನಿಮ್ಮ ಹಿಂದಿನ ಸೋಲುಗಳನ್ನು ನೆನಪಿಟ್ಟಿರುತ್ತದೆ. ಇದನ್ನು ಮುಚ್ಚಿಡದೆ ಹೇಳಿದ್ದಾರೆ, ನಮಗೆ ತಕರಾರಿಲ್ಲ. ದಕ್ಷಿಣ ಕೊರಿಯಾದ ಮೇಪಲ್‌ಸ್ಟೋರಿಯ ಕಥೆ ಹಾಗಲ್ಲ. ಆಯುಧ, ಉಡುಪಿನ ಗುಣ ಬದಲಿಸಲು ದುಡ್ಡು ಕೊಟ್ಟು ಕೊಳ್ಳುವ ಕ್ಯೂಬ್‌ನಲ್ಲಿ ಬೇಡಿಕೆಯ ಗುಣಗಳು ಬರುವ ಪ್ರಮಾಣವನ್ನು ಆಟಗಾರರಿಗೆ ಹೇಳದೆ ಇಳಿಸಿದ್ದರು. ಕೆಲವು ಜೋಡಣೆಗಳು ಬರುವ ಸಾಧ್ಯತೆಯೇ ಸೊನ್ನೆ. ಜನವರಿ 2024ರಲ್ಲಿ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಆ ಗೇಮಿನ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಬರಲು ಸಾಧ್ಯವೇ ಇಲ್ಲದ್ದಕ್ಕೆ ಹುಡುಗರು ವರ್ಷಗಟ್ಟಲೆ ದುಡ್ಡು ಸುರಿದಿದ್ದರು. ಇದನ್ನು ಓದಿದ ಮೇಲೆ ಕೌಂಟರ್‌ನಲ್ಲಿ ಕೂತು ಇನ್ನೊಂದು ಕೋಡ್ ಮಾರಲು ನಮಗೆ ಮನಸ್ಸು ಬರಲಿಲ್ಲ. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಯನ್ನು (ಲೂಟ್ ಬಾಕ್ಸ್) ಜೂಜು ಅಂತ ಹೇಳಿಬಿಟ್ಟಿದೆ.

ಆಡಿ ಗಳಿಸುವ ಡ್ರಾಪ್ ಬಗ್ಗೆ ನಮ್ಮ ಮಾತು ಬೇರೆ. ಬಾಸ್ ಹೊಡೆದು ಕತ್ತಿ ಬಿದ್ದರೆ ಕೂಗಿ, ಕುಣಿಯಿರಿ, ನಾವೂ ಬರುತ್ತೇವೆ. ಅದಕ್ಕಾಗಿಯೇ ಈ ಅಂಗಡಿ ಇಟ್ಟಿದ್ದೇವೆ. ಪರೀಕ್ಷೆ ಫೀಸಿನ ದುಡ್ಡು ಕೀ ಆಗಿ ಕರಗುವುದನ್ನು ಮಾತ್ರ ನಮ್ಮ ಕೌಂಟರ್‌ನಿಂದ ನೋಡಲಾಗುವುದಿಲ್ಲ. ತಂದೆ ತಾಯಂದಿರು ಯಾವಾಗ ಬೇಕಾದರೂ ಒಳಗೆ ಬಂದು ನೋಡಬಹುದು.

ಟಾಪ್‌ಅಪ್‌ಗೆಂದು ಮುಂಗಡ ಕೊಟ್ಟವರ ಹೆಸರು ನಮ್ಮ ವಹಿಯಲ್ಲಿದೆ, ರಸೀದಿ ಕಳೆದಿದ್ದರೂ ಬನ್ನಿ. ದುಡ್ಡು ವಾಪಸ್ ಬೇಕೋ, ಆಟದ ಗಂಟೆಗಳಾಗಿ ಬೇಕೋ, ನೀವೇ ಹೇಳಿ. ಗಂಟೆಗಳಾಗಿ ತಗೊಳ್ಳುವವರಿಗೆ ಹಳೆಯ ದರ. ಐದನೇ ಸೀಟಿನ ಕುರ್ಚಿಯ ಚಕ್ರ ಸಡಿಲವಾಗಿದೆ, ಸೋಮವಾರ ಬದಲಿಸುತ್ತೇವೆ.

ನಿಮ್ಮ ಗೇಮಿಂಗ್ ಸೆಂಟರ್ ಬಳಗ
ವಿಜಯಪುರ