ಟ್ಯಾಬ್‌ಗೆ ಆರ್ಡರ್ ಹಾಕೋ ಮುಂಚೆ

ಜಯನಗರ, ಬೆಂಗಳೂರು

ಗೆಳೆಯಾ,

ಕಂಪನಿ ಷೇರು ಮಾರಿದ ದುಡ್ಡಲ್ಲಿ ಊರಿನ ಶಾಲೆಗೆ 40 ಟ್ಯಾಬ್ ಕೊಡಿಸ್ತೀನಿ ಅಂತ ಬರೆದಿದ್ದೀಯ. ಸ್ವಲ್ಪ ತಡಿ. ಇದೇ ದಾರೀಲಿ ನಿನಗಿಂತ ಭಾರೀ ಗಂಟು ಹೊತ್ತು ಹೋದ ವಿಪ್ರೋದ ಅಜೀಂ ಪ್ರೇಮ್‌ಜಿ ಎಲ್ಲಿ ತಿರುಗಿಕೊಂಡರು ನೋಡು.

1966ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 21. ಸ್ಟ್ಯಾನ್‌ಫರ್ಡ್‌ನ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದು ಹಿಡಿದದ್ದು ಮಹಾರಾಷ್ಟ್ರದ ಅಮಳನೇರದ ವನಸ್ಪತಿ ಕಾರ್ಖಾನೆ. 70ರ ದಶಕದ ಕೊನೆಗೆ ಐಬಿಎಂ ದೇಶ ಬಿಟ್ಟಿತು, ಎಣ್ಣೆ-ಸಾಬೂನಿನ ಕಂಪನಿ ಕಂಪ್ಯೂಟರಿಗೆ ಕೈ ಹಾಕಿತು. ಮುಂದಿನ ವಿಪ್ರೋ ಕತೆ ನಿನಗೆ ಗೊತ್ತಿರೋದೇ, ಬಿಡು.

ನಿನಗೆ ಬೇಕಾದ್ದು 2001ರ ನಂತರದ್ದು. ಶಿಕ್ಷಣಕ್ಕಂತ ಕಟ್ಟಿದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶುರುವಾದ ಹೊಸದರಲ್ಲಿ ಪಾಠಗಳನ್ನ ಆಟದ ಥರ ಸಿಡಿಗೆ ಹಾಕಿ ಸರ್ಕಾರಿ ಶಾಲೆಗಳಿಗೆ ಕೊಟ್ಟರು. ಕಂಪ್ಯೂಟರ್ ಕಂಪನಿ ಯಜಮಾನರಿಗೆ ಬೇರೇನು ಹೊಳೀಬೇಕು ಹೇಳು! ಕೆಲವೇ ವರ್ಷದಲ್ಲಿ, ಇದರಿಂದ ಕಲಿಕೆ ಏರ್ತಿಲ್ಲ ಅಂತ ತಾವೇ ಒಪ್ಪಿಕೊಂಡು ಕೈಬಿಟ್ಟರು. ಆ ಒಪ್ಪಿಕೊಂಡದ್ದೇ ದೊಡ್ಡದು ಅಂತೀನಿ.

ನಿನ್ನ ಟ್ಯಾಬ್‌ಗೆ ಏನಾಗುತ್ತೆ ಗೊತ್ತಾ? ದಾಸ್ತಾನು ಪುಸ್ತಕಕ್ಕೆ ಏರಿದ ವಸ್ತು ಒಡೆದರೂ ಕಳೆದರೂ ಜವಾಬು ಹೆಡ್‌ಮಾಸ್ಟರದು. ಹಾಗಾಗಿ ಅದು ಬೀರು ಸೇರುತ್ತೆ. ಬೇಸಿಗೆ ರಜೆಯಿಡೀ ಚಾರ್ಜ್ ಇಲ್ಲದೆ ಬಿದ್ದರೆ ಬ್ಯಾಟರಿ ಹಾಳಾಗಲೂಬಹುದು. ತರಗತೀಲಿ ಒಂದೋ ಎರಡೋ ಪ್ಲಗ್ ಪಾಯಿಂಟು, 40ಕ್ಕೆ ಸರದಿ ಹಚ್ಚೋರು ಯಾರು? ಇದೆಲ್ಲ ಸರಿಹೋದರೂ ಮೂಲದ ತೊಡಕು ಉಳಿಯುತ್ತೆ. ನಾಲ್ಕನೇ ಕ್ಲಾಸಿನ ಮಗು 52ರಲ್ಲಿ 27 ಕಳೆದು 35 ಅಂತ ಬರೀತು ಅಂದ್ಕೋ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದಿದೆ. ಬರೀ ಪ್ರಶ್ನೆ-ಉತ್ತರದ ಆಪ್ ಕೆಂಪು ಗುರುತು ಹಾಕಿ ಮುಂದೆ ಹೋಗುತ್ತೆ. ತಿಳಿದ ಮೇಷ್ಟ್ರಾದರೆ ಹತ್ತು-ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, ಒಂದು ಕಟ್ಟನ್ನ ಮಗುವಿನ ಕೈಲೇ ಬಿಚ್ಚಿಸ್ತಾರೆ.

ಫೌಂಡೇಶನ್ ಆಮೇಲೆ ಹಿಡಿದದ್ದು ಈ ಮೇಷ್ಟ್ರನ್ನ. ಯಾದಗಿರಿ, ಕಲಬುರಗಿ ಕಡೆ ತನ್ನ ಜನರನ್ನೇ ಕೂರಿಸಿತು, ಶಿಕ್ಷಕರ ಕಲಿಕಾ ಕೇಂದ್ರ ತೆರೆಯಿತು. ಫಲ ನಿಧಾನ, ಫೋಟೋಕ್ಕೆ ಸಿಗೋ ಕೆಲಸವೂ ಅಲ್ಲ. ಶಿಕ್ಷಣದ ಕೆಲಸಕ್ಕೆ ಜನರನ್ನ ತಯಾರು ಮಾಡೋಕೆ 2010ರಲ್ಲಿ ವಿಶ್ವವಿದ್ಯಾಲಯವೂ ಬಂತು, ಈಗ ಸರ್ಜಾಪುರದಲ್ಲಿದೆ.

ದುಡ್ಡಿನ ಏರ್ಪಾಡು ನೋಡು. 2019ರ ಹೊತ್ತಿಗೆ ವಿಪ್ರೋದಲ್ಲಿ ಸುಮಾರು ಸೇಕಡ 67ರಷ್ಟು ಷೇರಿನ ಫಲವನ್ನ ವಾಪಸು ಪಡೆಯೋಕಾಗದ ಹಾಗೆ ದಾನಕ್ಕೆ ಬರೆದಿದ್ದರು. ಗಂಟು ಕರಗಲ್ಲ, ಲಾಭಾಂಶ ಬರ್ತಾ ಇರುತ್ತೆ. ನಿನ್ನದೂ ಹಾಗೇ ಮಾಡು: ಟ್ಯಾಬ್ ಒಂದಕ್ಕೆ 12,000 ಅಂದ್ರೆ 4.8 ಲಕ್ಷ. ಬ್ಯಾಂಕಲ್ಲಿಟ್ಟು ಸೇಕಡ 7 ಬಡ್ಡಿ ಹಿಡಿದರೂ ವರ್ಷಕ್ಕೆ 33,600, ತಿಂಗಳಿಗೆ 2,800. ಕತೆ ಪುಸ್ತಕ, ಕಡ್ಡಿ, ಮಣಿ, ಶಿಕ್ಷಕರ ಸಭೆಯ ಟೀ, ಬಸ್ ಚಾರ್ಜು ಎಲ್ಲಕ್ಕೂ ಸಾಕು.

ಚಿಲ್ಲರೆ ಕಾಸೇ ಯೋಜನೆಯನ್ನ ಎಡವಿಸೋದು. 2024ರಲ್ಲಿ ಸರ್ಕಾರದ ಜೊತೆ ಒಪ್ಪಂದವಾಯ್ತು: ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ 2 ದಿನ ಮೊಟ್ಟೆ ಸರ್ಕಾರದ್ದು, ಉಳಿದ 4 ದಿನದ್ದು ಫೌಂಡೇಶನ್ನಿನದು. ಆಗ ಮೊಟ್ಟೆಗೆ ಗೊತ್ತಾದದ್ದು 6 ರೂಪಾಯಿ, ಬೇಯಿಸೋದು ಸುಲಿಯೋದು ಸೇರಿ. 200 ಮಕ್ಕಳೂ ಮೊಟ್ಟೆ ತಿಂದರೆ ಆ 4 ದಿನಕ್ಕೆ 800 ಮೊಟ್ಟೆ, 4,800 ರೂಪಾಯಿ. ಚಳಿಗಾಲದಲ್ಲಿ ದರ 50 ಪೈಸೆ ಮೀರಿತೋ, ವಾರಕ್ಕೆ 400 ಹೆಡ್‌ಮಾಸ್ಟರ ಜೇಬಿಂದ. ಅದಕ್ಕೇ ಹೇಳ್ತಿರೋದು, ನಿನ್ನ ಬಡ್ಡೀಲಿ ಒಂದಿಷ್ಟನ್ನ ಯಾವ ಬಾಬ್ತಿಗೂ ಕಟ್ಟದೆ ಬಿಡು.

ದಸರಾಕ್ಕೆ ಊರಿಗೆ ಹೋಗ್ತೀಯಲ್ಲ, ರಜೆ ಶುರುವಾಗೋಕೆ ಎರಡು ದಿನ ಮುಂಚೆ ಹೋಗು. ಶಾಲೆಯ ಮೇಲುಸ್ತುವಾರಿ ಸಮಿತಿ, ಅದೇ ಎಸ್‌ಡಿಎಂಸಿಯವರನ್ನ ಕಂಡು ಮಾತಾಡು. ನಾಲ್ಕನೇ ಕ್ಲಾಸಿನ ಹತ್ತು ಮಕ್ಕಳ ಕಳೆಯೋ ಲೆಕ್ಕದ ಪುಟಗಳ ಫೋಟೋ ತೆಗೆದು ಕಳಿಸು, ಹೆಸರು ಕಾಣೋದು ಬೇಡ. ಏನು ಕೊಳ್ಳಬೇಕು ಅನ್ನೋದನ್ನ ಆಮೇಲೆ ಕೂತು ಬರೆಯೋಣ.

ಇಂತಿ ನಿನ್ನ ಗೆಳೆಯ