ಏಳನೇ ತರಗತಿಯ ಬೆಳಗಿನ 20 ನಿಮಿಷಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು. ಏಳನೇ ತರಗತಿಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಗಣಿತದ ಅವಧಿಯಿಂದ 20 ನಿಮಿಷ ತೆಗೆದು ಮಕ್ಕಳನ್ನು ಸುತ್ತಲೂ ಕೂರಿಸಿ ಮಾತನಾಡಿಸುತ್ತಿರುವುದರಿಂದ ಪಾಠ ಹಿಂದೆ ಬೀಳುತ್ತಿದೆ ಎಂದು ನಿಮ್ಮಲ್ಲಿ ಕೆಲವರು ಸಹಿ ಹಾಕಿ ಕೊಟ್ಟ ಮನವಿ ನನ್ನ ಕೈಸೇರಿದೆ. ಅದರಲ್ಲಿರುವ ಆತಂಕ ನ್ಯಾಯವಾದದ್ದೇ.

ಆ 20 ನಿಮಿಷ ಏಕೆ ಎಂಬುದನ್ನು ಹೇಳಲು ಮಣಿಪುರದಿಂದಲೇ ಆರಂಭಿಸಬೇಕು. ಅಲ್ಲಿ 2023ರ ಮೇ 3ರಂದು ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಭುಗಿಲೆದ್ದ ಸಂಘರ್ಷದಲ್ಲಿ ಸುಮಾರು 60,000 ಜನ ಮನೆ ತೊರೆದರು. ಎಷ್ಟೋ ಶಾಲೆ, ಕಾಲೇಜುಗಳೇ ನಿರಾಶ್ರಿತರ ಶಿಬಿರಗಳಾದವು. ಮೈತೇಯಿಗಳು ಹೆಚ್ಚಿರುವ ಇಂಫಾಲ್ ಕಣಿವೆಗೂ ಕುಕಿಗಳು ಹೆಚ್ಚಿರುವ ಚುರಾಚಾಂದ್‌ಪುರದ ಗುಡ್ಡಗಳಿಗೂ ನಡುವೆ ಭದ್ರತಾ ಪಡೆಗಳ ಕಾವಲು ಬಂದು ನಿಂತಿತು. ಬೆಂಗಳೂರಿನಲ್ಲಿ ದುಡಿಯುತ್ತಿರುವ ನೆಂಟರ ಆಸರೆಗೆ ಬಂದ ಮಕ್ಕಳಲ್ಲಿ ಮೂವರು ಈಗ ನಮ್ಮ ಏಳನೇ ತರಗತಿಯಲ್ಲಿದ್ದಾರೆ. ಮೂವರೂ ಒಂದೇ ಸಮುದಾಯದವರಲ್ಲ. ವರ್ಗಾವಣೆ ಪತ್ರ ಬರುವ ಮೊದಲೇ ಅವರನ್ನು ಸೇರಿಸಿಕೊಂಡದ್ದೇಕೆ ಎಂಬ ಪ್ರಶ್ನೆಯೂ ಏಳಬಹುದು. ಆ ಪತ್ರ ತಡವಾಯಿತೆಂಬ ಕಾರಣಕ್ಕೆ ನಮ್ಮಂತಹ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುವುದರಿಂದ ಆ ಪ್ರಶ್ನೆಯನ್ನು ಇಲ್ಲಿಗೆ ಬಿಡೋಣ.

ಕಳೆದ ತಿಂಗಳು ಅಗ್ನಿ ಅವಘಡದ ಅಣಕು ಕಾರ್ಯಾಚರಣೆಗಾಗಿ, ಮಕ್ಕಳಿಗೆ ಮೊದಲೇ ತಿಳಿಸದೆ, ಸೈರನ್ ಮೊಳಗಿಸಿದೆವು. ಉಳಿದವರೆಲ್ಲ ಸಾಲಾಗಿ ಮೈದಾನಕ್ಕೆ ನಡೆದರು. ಆ ಮೂವರಲ್ಲಿ ಒಬ್ಬ ಹುಡುಗ ಮಾತ್ರ ಕೊನೆಯ ಬೆಂಚಿನ ಕೆಳಗೆ ಚೀಲವನ್ನು ಎದೆಗೆ ಅವುಚಿಕೊಂಡು, ಬೂಟಿನ ದಾರವನ್ನು ಬಿಚ್ಚುತ್ತ, ಕಟ್ಟುತ್ತ, ಮತ್ತೆ ಬಿಚ್ಚುತ್ತ ಕುಳಿತಿದ್ದ. ನಾನು ಪಕ್ಕದಲ್ಲಿ ನೆಲದ ಮೇಲೆ ಕುಳಿತ ಎಷ್ಟೋ ಹೊತ್ತಿನ ಮೇಲೆ ಅವನ ಕೈ ನಿಂತಿತು. ಮರುದಿನ ಕೆಲವು ಮಕ್ಕಳು ಬಾಯಲ್ಲೇ ಸೈರನ್ ಸದ್ದು ಮಾಡಿ ನಕ್ಕರು. ಅದು ಅವರ ದುಷ್ಟತನವಲ್ಲ. ಯಾರಿಗೂ ಏನನ್ನೂ ಹೇಳದ ನಮ್ಮ ತಪ್ಪು.

ಆ 20 ನಿಮಿಷ ಹುಟ್ಟಿದ್ದು ಅಲ್ಲಿಂದ. ಅಂದು ಏನೇನು ನಡೆಯಲಿದೆ, ಯಾವ ಸದ್ದು ಎಷ್ಟು ಹೊತ್ತಿಗೆ ಕೇಳಲಿದೆ, ಹೊರಗಿನವರು ಯಾರು ಬರಲಿದ್ದಾರೆ ಎಂಬುದನ್ನು ಶಿಕ್ಷಕಿ ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ಮಾತನಾಡಬೇಕೆನಿಸಿದವರು ಮಾತನಾಡುತ್ತಾರೆ, ಬೇಡವೆನಿಸಿದವರು ಸುಮ್ಮನಿರುತ್ತಾರೆ. ಮಣಿಪುರದ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಹೆದರಿದ ಮಗುವಿನ ಕಣ್ಣು ಹಲಗೆಯ ಮೇಲಿದ್ದರೂ ಕಿವಿ ಬಾಗಿಲಲ್ಲಿರುತ್ತದೆ. ಮುಂದೇನು ಎಂಬುದು ಗೊತ್ತಾದಾಗಲೇ ಅದು ಭಿನ್ನರಾಶಿಯತ್ತ ತಿರುಗುವುದು. ಈ ಮಾತು ಆ ಮೂವರಿಗಷ್ಟೇ ಸಲ್ಲುವುದೂ ಅಲ್ಲ. ಮನೆಯಲ್ಲಿ ಸಾವು ಕಂಡವರು, ರಾತ್ರಿಯಿಡೀ ಜಗಳ ಕೇಳಿ ಬಂದವರು ನಿಮ್ಮ ನಮ್ಮ ಮಕ್ಕಳಲ್ಲೂ ಇದ್ದಾರೆ, ಅವರೂ ಅಲ್ಲಿ ಬಾಯಿ ಬಿಟ್ಟಿದ್ದಾರೆ.

ಗಣಿತದ ವಿಷಯಕ್ಕೆ ಬರುತ್ತೇನೆ. ವಾರಕ್ಕೆ 100 ನಿಮಿಷ ಹೋಗುತ್ತದೆ. ಶನಿವಾರದ ಎರಡು ಅವಧಿಗಳಲ್ಲಿ 80 ನಿಮಿಷ ಮರಳುತ್ತದೆ. ಉಳಿದ 20 ನಿಮಿಷ ನಷ್ಟವೇ, ಅದನ್ನು ಮುಚ್ಚಿಡುವುದಿಲ್ಲ. ಪರೀಕ್ಷೆಗೆ ಮುನ್ನ ಪಾಠಗಳು ಮುಗಿಯುತ್ತವೆ ಎಂಬ ಹೊಣೆ ನನ್ನದು. ನಿಮ್ಮ ಮಗು ಯಾವ ಅಧ್ಯಾಯದಲ್ಲಿದೆ ಎಂಬುದನ್ನು ಯಾವ ದಿನವಾದರೂ ಬಂದು ನೋಡಬಹುದು. ಆದರೆ ಆ 20 ನಿಮಿಷವನ್ನು ನಿಲ್ಲಿಸುವುದಿಲ್ಲ. ಅವಶ್ಯವಿದ್ದರೆ ಗಣಿತದ ಬದಲು ಬೇರೆ ಅವಧಿಯಿಂದ ತೆಗೆದುಕೊಳ್ಳಲು ಸಿದ್ಧಳಿದ್ದೇನೆ, ಆದರೆ ನಿಲ್ಲಿಸುವುದಿಲ್ಲ.

ಮಣಿಪುರದಿಂದ ಬಂದ ಆ ಮೂವರನ್ನು ಬೇರೆ ಬೇರೆ ವಿಭಾಗಗಳಿಗೆ ಹಾಕಿ ಎಂಬ ಸಲಹೆಯನ್ನೂ ಒಪ್ಪಲಾರೆ. ಅಲ್ಲಿ ಊರುಗಳೇ ಎರಡಾಗಿ ಸೀಳಿವೆ. ಇಲ್ಲಿಯೂ ನಡುವೆ ಗೋಡೆ ಎಬ್ಬಿಸಲು ನನಗೆ ಮನಸ್ಸಿಲ್ಲ. ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ, ಸ್ವಾತಂತ್ರ್ಯ ದಿನದಂದು ಅವರನ್ನು ವೇದಿಕೆಯ ಮೇಲೆ ಕೈಕುಲುಕಿಸಬಹುದಲ್ಲ ಎಂದಿದ್ದೀರಿ. ಸುಟ್ಟ ಮನೆಯ ಪರವಾಗಿ ಕ್ಷಮಿಸುವ ಭಾರವನ್ನು ಹನ್ನೆರಡು ವರ್ಷದ ಮಗುವಿನ ಮೇಲೆ ಹೊರಿಸಲು ನನ್ನಿಂದಾಗದು. ಕಳೆದ ವಾರ ಅವರಲ್ಲಿ ಇಬ್ಬರು ಒಂದೇ ಕೈವಾರದಿಂದ ವೃತ್ತ ಎಳೆದರು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ, ಫೋಟೋ ತೆಗೆಯಲೂ ಇಲ್ಲ.

ದಯವಿಟ್ಟು ಗೇಟಿನ ಬಳಿ ಆ ಮಕ್ಕಳನ್ನು ‘ನೀನು ಯಾವ ಕಡೆಯವನು’ ಎಂದು ಕೇಳಬೇಡಿ.

ನಿಮ್ಮ ಮಗು ನಿದ್ದೆಗೆಟ್ಟಿದ್ದರೆ ಅಥವಾ ಶಾಲೆಗೆ ಬರಲು ಅಂಜುತ್ತಿದ್ದರೆ ತರಗತಿ ಶಿಕ್ಷಕಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು. ಮುಂದಿನ ಅಣಕು ಕಾರ್ಯಾಚರಣೆಗೆ ಸೈರನ್ ಬದಲು ಕೈಗಂಟೆ ಬಳಸುತ್ತೇವೆ, ದಿನಾಂಕವನ್ನು ಮಕ್ಕಳ ದಿನಚರಿಯಲ್ಲಿ ಎರಡು ದಿನ ಮೊದಲೇ ಬರೆಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ