ಮಗಳಿಗೊಂದು ಪತ್ರ: ಬಣ್ಣವಿಲ್ಲದ ಉರಿ

ಪ್ರೀತಿಯ ಪುಟ್ಟಿ,

ಸಾಲ್ಟ್ ಅನಾಲಿಸಿಸ್, ಅದೇ ಕೊಟ್ಟ ಉಪ್ಪಿನಲ್ಲಿ ಏನೇನಿದೆ ಅಂತ ಪತ್ತೆ ಮಾಡೋ ಪ್ರಾಕ್ಟಿಕಲ್, ಅಂದ್ರೆ ಬರೀ ಬಾಯಿಪಾಠ ಅಂತ ಗೊಣಗಿದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಾದರೆ "ಆಮೇಲೆ ಮಾಡ್ತೀನಮ್ಮ" ಅಂತ ಇಟ್ಟುಬಿಡ್ತೀಯ.

ನಿಮ್ಮ ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ರಾಬರ್ಟ್ ಬನ್ಸೆನ್, 1811ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಹುಟ್ಟಿ ಹೈಡೆಲ್‌ಬರ್ಗ್‌ನಲ್ಲಿ ಮೇಷ್ಟ್ರಾಗಿದ್ದವರು. 1855ರ ಹೊತ್ತಿಗೆ ಆ ಬರ್ನರ್ ಮಾಡಿಕೊಟ್ಟದ್ದು ಮಾತ್ರ ಪೀಟರ್ ಡೆಸಾಗಾ ಎಂಬ ಕುಶಲಕರ್ಮಿ. ಅವರ ಹೆಸರು ಯಾರ ಬಾಯಲ್ಲೂ ಇಲ್ಲ, ಅದು ಅನ್ಯಾಯವೇ ಸರಿ. ಉರಿಯುವ ಮೊದಲೇ ಗ್ಯಾಸಿಗೆ ಗಾಳಿ ಬೆರೆಯುವುದರಿಂದ ಮಸಿ ಇಲ್ಲ, ಶಾಖ ಹೆಚ್ಚು. ನನಗೆ ಮುಖ್ಯ ಅನಿಸೋದು ಬೇರೆ: ಆ ಉರಿಗೆ ತನ್ನದೇ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ನೀನು ತಂತಿಯಲ್ಲಿ ಹಿಡಿದ ಉಪ್ಪು ಉರಿಗೆ ಕೊಡುವ ಬಣ್ಣ ಎದ್ದು ಕಾಣೋದು, ಅದರಿಂದಲೇ ಉಪ್ಪಿನಲ್ಲಿ ಯಾವ ಧಾತು ಇದೆ ಅಂತ ಊಹಿಸೋದು.

ತೊಂದರೆ ಅಂದರೆ, ಒಂದು ಚೂರು ಸೋಡಿಯಂ ಇದ್ದರೂ ಅದರ ಹಳದಿ ಉಳಿದದ್ದನ್ನೆಲ್ಲ ನುಂಗಿಬಿಡುತ್ತೆ. ಆ ಹಳದಿಯನ್ನು ತಡೆಯೋಕೆ ಬನ್ಸೆನ್ ಬಣ್ಣದ ಗಾಜು ಹಿಡಿದು ನೋಡುತ್ತಿದ್ದರು. ಪ್ರಿಸಂ ಇಟ್ಟು ಬೆಳಕನ್ನೇ ಬಿಡಿಸಿ ನೋಡೋಣ ಅಂದವರು ಅವರ ಗೆಳೆಯ, ಭೌತವಿಜ್ಞಾನಿ ಕಿರ್ಖಾಫ್. 1859ರಲ್ಲಿ ಗೊತ್ತಾಯಿತು, ಹಾಗೆ ಬಿಡಿಸಿದ ಬೆಳಕಿನಲ್ಲಿ ಒಂದೊಂದು ಧಾತುವಿಗೂ ಅದರದ್ದೇ ಬಣ್ಣದ ಗೆರೆಗಳು. ಒಂದು ರಾತ್ರಿ ದೂರದ ಮಾನ್‌ಹೈಮ್‌ನಲ್ಲಿ ಬೆಂಕಿ ಬಿದ್ದಾಗ ಇವರಿಬ್ಬರೂ ಹೈಡೆಲ್‌ಬರ್ಗ್‌ನ ಕಿಟಕಿಯಿಂದಲೇ ಆ ಬೆಳಕಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಪತ್ತೆ ಮಾಡಿದರಂತೆ! ಊರಾಚೆಯ ಬೆಂಕಿಯಲ್ಲಿ ಏನಿದೆ ಅಂತ ಹೇಳಬಹುದಾದರೆ ಸೂರ್ಯನಲ್ಲಿರುವುದನ್ನು ಯಾಕೆ ಹೇಳಬಾರದು?

1860ರಲ್ಲಿ ಡ್ಯುರ್ಕ್‌ಹೈಮ್‌ನ ಖನಿಜ ನೀರಿನಲ್ಲಿ ಯಾರೂ ಕಾಣದ ನೀಲಿ ಗೆರೆಗಳು ಕಂಡವು. ಗೆರೆ ನೋಡಿ ಹೆಸರಿಟ್ಟು ಸುಮ್ಮನಾಗಬಹುದಿತ್ತು. ಬನ್ಸೆನ್ ಸುಮ್ಮನಾಗಲಿಲ್ಲ, ಸುಮಾರು 44,000 ಲೀಟರ್ ನೀರು ಬತ್ತಿಸಿ ಸೀಸಿಯಂ ಎಂಬ ಆ ಹೊಸ ಧಾತುವಿನ ಉಪ್ಪು, ಸೀಸಿಯಂ ಕ್ಲೋರೈಡ್, ಏಳು ಗ್ರಾಂ ಚಿಲ್ಲರೆ ತೆಗೆದರು. ಮರುವರ್ಷ ಇನ್ನೊಂದು ಹೊಸ ಧಾತು, ರುಬಿಡಿಯಂ. 1967ರಿಂದ ಜಗತ್ತಿನ ಒಂದು ಸೆಕೆಂಡ್ ಅಂದರೆ ಎಷ್ಟು ಅಂತ ತೀರ್ಮಾನಿಸುವುದು ಇದೇ ಸೀಸಿಯಂ ಪರಮಾಣು.

ಬರ್ನರ್‌ಗೆ ಅವರು ಪೇಟೆಂಟ್ ಮಾಡಿಸಲಿಲ್ಲ. ಮದುವೆಯೂ ಆಗಲಿಲ್ಲ (ನಿಮ್ಮಜ್ಜಿಗೆ ಇದನ್ನು ಹೇಳಬೇಡ, ಕೆಮಿಸ್ಟ್ರಿಯನ್ನೇ ಬಿಡಿಸಿಬಿಡ್ತಾರೆ). ತರುಣರಾಗಿದ್ದಾಗ ಆರ್ಸೆನಿಕ್ ಸಂಯುಕ್ತವೊಂದು ಸಿಡಿದು ಬಲಗಣ್ಣು ಹೋಗಿತ್ತು. ಈ ಗೆರೆಗಳನ್ನೆಲ್ಲ ನೋಡಿದ್ದು ಉಳಿದ ಒಂದೇ ಕಣ್ಣಲ್ಲಿ.

ಪ್ರಾಕ್ಟಿಕಲ್ ದಿನ ಗಾಗಲ್ಸ್ ಹಾಕ್ಕೋ. ಕೂದಲು ಬಿಗಿಯಾಗಿ ಕಟ್ಟಿಕೊಂಡು ಹೋಗು.

ಇಂತಿ,
ಅಮ್ಮ